ಜೋಡಿ ಜವರಯ್ಯನ ಎರಡೆಲೆ ಊಟ

ಹೂಂಗುಟ್ಟುವವರು ಮುಂದೆ ಬನ್ನಿ. ತೂಕಡಿಸುವವರು ಗೋಡೆಗೆ ಒರಗಿಕೊಳ್ಳಿ. ನಡುವೆ ಎದ್ದು ಹೋಗುವವರು ಈಗಲೇ ಹೋಗಿಬಿಡಿ. ಆಮೇಲೆ ಬಂದು, ಎಮ್ಮೆ ಯಾಕೆ ಮಾತಾಡಿತು ಅಂತ ಕೇಳಿದರೆ ನಾನಂತೂ ಹೇಳುವುದಿಲ್ಲ.

ಒಂದು ಹಳ್ಳ. ಹಳ್ಳದ ಆ ದಡಕ್ಕೊಬ್ಬ ರಾಜ, ಈ ದಡಕ್ಕೊಬ್ಬ ರಾಜ. ಹೊತ್ತು ಹುಟ್ಟುವ ಕಡೆಯ ರಾಜ್ಯ ಮೂಡಲಗೇರಿ, ಹೊತ್ತು ಮುಳುಗುವ ಕಡೆಯದು ಪಡುವಲಗೇರಿ. ರಾಜ್ಯ ಅಂದ ತಕ್ಷಣ ಆನೆ, ಕುದುರೆ, ಕೋಟೆ ಕೊತ್ತಲ ಅಂದುಕೊಳ್ಳಬೇಡಿ. ಮೂಡಲ ರಾಜ ಸೀನಿದರೆ ಪಡುವಲ ರಾಣಿ ತನ್ನ ಅಡುಗೆಮನೆಯಿಂದಲೇ "ನೂರು ವರ್ಷ" ಅನ್ನುತ್ತಿದ್ದಳು. ಅಷ್ಟು ದೊಡ್ಡ ರಾಜ್ಯಗಳು.

ಮೂಡಲಗೇರಿಯ ಗರಡಿಯಲ್ಲಿ ಒಬ್ಬ ಜಟ್ಟಿ ಇದ್ದ. ಹೆಸರು ಭೈರ, ಜನ ಕರೆಯುವುದು ಬಂಡೆ ಭೈರ. ಪಡುವಲಗೇರಿಯ ಗರಡಿಯಲ್ಲೂ ಒಬ್ಬ ಜಟ್ಟಿ ಇದ್ದ. ಹೆಸರು ಮಾಳ, ಜನ ಕರೆಯುವುದು ಸಿಡಿಲು ಮಾಳ. ಭೈರನನ್ನು ಚಿತ್ ಮಾಡಿದವರು ಯಾರೂ ಇರಲಿಲ್ಲ. ಮಾಳನನ್ನು ಚಿತ್ ಮಾಡಿದವರೂ ಯಾರೂ ಇರಲಿಲ್ಲ. ಹಳ್ಳ ದಾಟಿ ಹೋದರೆ ಮರ್ಯಾದೆಗೆ ಕಡಿಮೆ ಅಂತ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

"ನಮ್ ಭೈರ ಎದ್ದು ನಿಂತ್ರೆ ನಿಮ್ಮೂರಿಗೆ ಬೆಳಕೇ ಬರಾಕಿಲ್ಲ" ಅನ್ನುತ್ತಿದ್ದರು ಮೂಡಲದವರು.

"ನಮ್ ಮಾಳ ಕುಂತ್ಕಂಡ್ರೂ ನಿಮ್ಮೂರಿಗೆ ಹೊತ್ತು ಮುಳುಗೋದು ಕಾಣಾಕಿಲ್ಲ" ಅನ್ನುತ್ತಿದ್ದರು ಪಡುವಲದವರು.

ಈ ಮಾತು ಸಂತೆಯಲ್ಲಿ ಶುರುವಾಗಿ ಮದುವೆ ಮನೆಗೆ ಹೋಯಿತು. ಮದುವೆ ಮನೆಯಿಂದ ಸಾವಿನ ಮನೆಗೂ ಹೋಯಿತು. ಕ್ಷೌರ ಮಾಡುವವನೊಬ್ಬ, ಮುಂದೆ ಕೂತವನು ಆಚೆ ದಡದವನು ಅಂತ ತಿಳಿದು ಅರ್ಧ ಗಡ್ಡಕ್ಕೇ ಕತ್ತಿ ಮಡಿಸಿ ಎದ್ದ. ಕೊನೆಗೆ ಇಬ್ಬರು ರಾಜರಿಗೂ ಸಾಕುಸಾಕಾಯಿತು. ಜಟ್ಟಿಗಳು ಕುಸ್ತಿ ಹಿಡಿಯಲಿ, ಗೆದ್ದವರಿಗೆ ಬೆಳ್ಳಿ ಗದೆ, ಆಮೇಲೆ ಎಲ್ಲರೂ ಬಾಯಿ ಮುಚ್ಚಿಕೊಂಡಿರಲಿ ಅಂತ ತೀರ್ಮಾನ ಮಾಡಿದರು.

ತೀರ್ಮಾನ ಮಾಡಿದರೆ ಆಯಿತೇ? ಕುಸ್ತಿಗೆ ಕಟ್ಟಳೆ ಇದೆ. ಎರಡೂ ಗರಡಿಯ ಹಿರಿಯರು ಅಜ್ಜಂದಿರ ಕಾಲದಿಂದ ನಡೆಸಿಕೊಂಡು ಬಂದದ್ದು. ಚೆನ್ನಾಗಿ ಕೇಳಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲನೆಯದು, ಮಾತುಕತೆಗೆ ಕೂತ ದಿನದಿಂದ ಜೋಡಿ ಕಟ್ಟುವ ದಿನದವರೆಗೆ ಊರಿನ ಹಾಲೆಲ್ಲ ಊರಿನ ಜಟ್ಟಿಗೆ. ಎರಡನೆಯದು, ಮಾತುಕತೆ ನಡೆಸುವ ಮಧ್ಯಸ್ಥನಿಗೆ ಎರಡೂ ಊರಿನ ಅಡುಗೆಮನೆಯಿಂದ ಊಟ ಬರಬೇಕು, ಜಟ್ಟಿ ಏನು ತಿನ್ನುತ್ತಾನೋ ಅವನಿಗೂ ಅದೇ. ಒಂದು ಕಡೆಯವನು ತುಪ್ಪ ತಿಂದು ಇನ್ನೊಂದು ಕಡೆಯವನು ತೌಡು ತಿಂದು ಅಖಾಡಕ್ಕೆ ಇಳಿಯಬಾರದಲ್ಲ, ಅದಕ್ಕೆ. ಮೂರನೆಯದು, ಜೋಡಿ ಕಟ್ಟುವುದು, ಅಂದರೆ ಇವನಿಗೆ ಅವನು ಎದುರಾಳಿ ಅಂತ ಗೊತ್ತುಮಾಡುವುದು, ಬರೀ ಬಾಯಿಮಾತಲ್ಲ. ಇಬ್ಬರು ಜಟ್ಟಿಗಳೂ ಕೈಯಲ್ಲಿ ಮಣ್ಣು ಹಿಡಿದು ಕೈಗೆ ಕೈ ಕೊಡಬೇಕು, ಎರಡೂ ಕಡೆಯ ಹಿರಿಯರು ಚಪ್ಪಾಳೆ ತಟ್ಟಬೇಕು. ಚಪ್ಪಾಳೆ ಬಿತ್ತೋ, ಅಲ್ಲೇ ಅಖಾಡ, ಆವತ್ತೇ ಕುಸ್ತಿ. ಹೊತ್ತು ಮುಳುಗುವಾಗ ಅಖಾಡದಲ್ಲಿ ಯಾರು ಕಾಲ ಮೇಲೆ ನಿಂತಿರುತ್ತಾರೋ ಅವರು ಗೆದ್ದ ಹಾಗೆ. ಅದನ್ನು ರಾಜನೂ ತಡೆಯುವ ಹಾಗಿಲ್ಲ.

ಮಾತುಕತೆ ನಡೆಸುವುದಕ್ಕೆ ಜವರಯ್ಯ ಅಂತ ಒಬ್ಬನಿದ್ದ. ಜೋಡಿ ಕಟ್ಟಿಸುವುದೇ ಅವನ ಕಸುಬಾದ್ದರಿಂದ ಜೋಡಿ ಜವರಯ್ಯ. ಹಳ್ಳದ ನಡುಗಡ್ಡೆಯಲ್ಲಿ ಅವನ ಗುಡಿಸಲು, ಹಾಗಾಗಿ ಆ ಊರಿನವನೂ ಅಲ್ಲ, ಈ ಊರಿನವನೂ ಅಲ್ಲ. ಮೊದಲೆಲ್ಲ ಚಿಲ್ಲರೆ ಕುಸ್ತಿಗಳಿಗೆ ಜೋಡಿ ಕಟ್ಟಿಸುತ್ತಿದ್ದ. ಬೆಳಗ್ಗೆ ಕೂತರೆ ಮಧ್ಯಾಹ್ನಕ್ಕೆ ಮಾತು ಮುಗಿಯುತ್ತಿತ್ತು, ಒಂದು ಮುದ್ದೆ, ಒಂದಿಷ್ಟು ಉಪ್ಪುಸಾರು ಸಿಗುತ್ತಿತ್ತು.

ಈ ಸಲ ಹಾಗಲ್ಲ. ಮೂಡಲ ಅಡುಗೆಮನೆಯಿಂದ ಒಂದು ಎಲೆ ಬಂತು. ಅದರ ತುಂಬ ಬಾದಾಮಿ ಹಾಲು, ತುಪ್ಪದಲ್ಲಿ ತೇಲುವ ಹೋಳಿಗೆ, ನಾಟಿ ಕೋಳಿ ಸಾರು. ಪಡುವಲ ಅಡುಗೆಮನೆಯಿಂದ ಇನ್ನೊಂದು ಎಲೆ ಬಂತು. ಅದರ ತುಂಬ ಗಟ್ಟಿ ಮೊಸರು, ಬೆಣ್ಣೆ, ಕುರಿ ಬಾಡು. ಜವರಯ್ಯ ಎರಡು ಎಲೆಯ ನಡುವೆ ಕೂತ. ಎಡಗಡೆ ಒಂದು ತುತ್ತು, ಬಲಗಡೆ ಒಂದು ತುತ್ತು. ಮಧ್ಯಸ್ಥ ಅಂದಮೇಲೆ ಪಕ್ಷಪಾತ ಮಾಡಬಾರದು ನೋಡಿ.

ವಾರ ಕಳೆಯುವಷ್ಟರಲ್ಲಿ ಮಾತೆಲ್ಲ ಮುಗಿದಿತ್ತು. ನಾಳೆ ಜೋಡಿ ಕಟ್ಟಬೇಕು. ಜವರಯ್ಯ ಕೈ ತೊಳೆಯುತ್ತ ಯೋಚಿಸಿದ. ನಾಳೆ ಜೋಡಿ ಕಟ್ಟಿದರೆ ನಾಡಿದ್ದು ಮತ್ತೆ ಉಪ್ಪುಸಾರು. ಅವನಿಗೆ ಕಣ್ಣಲ್ಲಿ ನೀರು ಬಂತು.

ಮಾರನೇ ದಿನ ಮೂಡಲ ರಾಜನ ಹತ್ತಿರ ಹೋದ. "ಬುದ್ಧಿ, ಎಲ್ಲಾ ಒಪ್ಪಿಗೆ ಆಯ್ತು. ಇನ್ನೊಂದೇ ಒಂದು ಮಾತು ಉಳಿದೈತೆ."

"ಅದೇನಯ್ಯ?"

"ಕುಸ್ತಿ ಎಲ್ಲಿ ಅಂತ. ಅವರ ಗರಡೀಲಿ ಆದ್ರೆ ಅಲ್ಲಿ ಮಣ್ಣು ಅವರದು. ತುಪ್ಪ ಹಾಕಿ, ಅರಿಶಿನ ಹಾಕಿ, ನಿಂಬೆಹುಳಿ ಹಿಂಡಿ ಸಾಕಿರೋ ಮಣ್ಣು. ಸಾಕಿದವರನ್ನ ಅದು ಬೀಳ್ಸುತ್ತಾ ಬುದ್ಧಿ? ನಮ್ಮ ಭೈರನ್ನೇ ಬೀಳ್ಸೋದು."

ಮಣ್ಣಿಗೂ ನಿಯತ್ತಿರುತ್ತದೆ ಅಂತ ರಾಜನಿಗೆ ಹೊಳೆದೇ ಇರಲಿಲ್ಲ. ಅವನು ಹೌಹಾರಿದ. ಜವರಯ್ಯ ಅದೇ ಮಾತನ್ನು ಪಡುವಲ ರಾಜನಿಗೂ ಹೇಳಿದ, ಅವನೂ ಹೌಹಾರಿದ. ಕೊನೆಗೆ ನಡುಗಡ್ಡೆಯಲ್ಲಿ ಕುಸ್ತಿ, ಎರಡೂ ಕಡೆಯಿಂದ ಸಮಸಮ ಮಣ್ಣು ತಂದು ಸುರಿಯುವುದು ಅಂತಾಯಿತು. ಸುರಿಯುವಾಗ ಗಾಳಿ ಎದ್ದಿತು. ಮೂಡಲದ ಮಣ್ಣು ಹಾರಿ ಪಡುವಲದವರ ಕಣ್ಣಿಗೆ ಬಿತ್ತು. "ನಮ್ಮ ಮಣ್ಣು ಕದ್ರು" ಅಂದ ಮೂಡಲ ರಾಜ. "ನಿಮ್ಮ ಮಣ್ಣು ನಮ್ಮ ಮ್ಯಾಲೆ ದಂಡೆತ್ತಿ ಬಂತು" ಅಂದ ಪಡುವಲ ರಾಜ. ಅದನ್ನು ಬಗೆಹರಿಸುವುದರಲ್ಲಿ ಒಂದು ಮಳೆಗಾಲ ಕಳೆಯಿತು. ಜವರಯ್ಯನ ಕೆನ್ನೆ ತುಂಬಿಕೊಂಡಿತು.

ಆಮೇಲೆ ಎರಡನೇ ಸಲ ಬಂದ. "ಬುದ್ಧಿ, ಇನ್ನೊಂದೇ ಒಂದು ಮಾತು ಉಳಿದೈತೆ. ಅಖಾಡಕ್ಕೆ ಮೊದಲು ಬರೋರು ಯಾರು? ಮೊದಲು ಬಂದೋನು ಕಾಯಬೇಕು. ಕಾಯೋನು ಚಿಕ್ಕೋನು, ಕಾಯಿಸೋನು ದೊಡ್ಡೋನು."

ಇಬ್ಬರು ರಾಜರೂ ತಲೆ ಕೆರೆದುಕೊಂಡರು. ಯಾರು ಮೊದಲು ಬಂದರು ಅಂತ ಒಬ್ಬರಿಗೊಬ್ಬರು ಕಾಣದ ಹಾಗೆ, ಜಟ್ಟಿಗಳು ಬೆನ್ನು ತಿರುಗಿಸಿ ಹಿಂದಕ್ಕೆ ನಡೆದುಕೊಂಡು ಬರಲಿ ಅಂತ ಜವರಯ್ಯನೇ ಉಪಾಯ ಹೇಳಿದ. ರಾಜರು ಭೇಷ್ ಅಂದರು. ಭೈರ ಹಿಂದಕ್ಕೆ ನಡೆಯುತ್ತ ನಡೆಯುತ್ತ ಹೋಗಿ ಕುಂಬಾರನ ಹಸಿ ಮಡಕೆಗಳ ಮೇಲೆ ಕೂತ. ಮಾಳ ಹಿಂದಕ್ಕೆ ನಡೆಯುತ್ತ ನಡೆಯುತ್ತ ಯಾರದೋ ಮದುವೆ ಚಪ್ಪರದೊಳಗೆ ಹೋದ, ಅವನನ್ನು ಹೊರಗೆ ಸಾಗಿಸುವಷ್ಟರಲ್ಲಿ ಮುಹೂರ್ತ ಮೀರಿತು. ಒಂದು ಚಳಿಗಾಲ ಅದರಲ್ಲೇ ಹೋಯಿತು. ಜವರಯ್ಯನಿಗೆ ಎರಡನೇ ಗಲ್ಲ ಬಂತು.

ಮೂರನೇ ಸಲ ಬಂದ. "ಬುದ್ಧಿ, ಇನ್ನೊಂದೇ ಒಂದು ಮಾತು ಉಳಿದೈತೆ. ಸೋತೋರಿಗೆ ಮರುಕುಸ್ತಿ ಬೇಕಲ್ವೆ?"

ಸೋಲುವ ಮಾತು ಎತ್ತಿದ್ದಕ್ಕೆ ಇಬ್ಬರು ರಾಜರಿಗೂ ಸಿಟ್ಟು ಬಂತು, ಆದರೆ ಒಳಗೊಳಗೆ ಇಬ್ಬರಿಗೂ ಪುಕುಪುಕು ಇತ್ತು. ಕುಸ್ತಿ ಮುಗಿದ ಸಂಜೆಯೇ ಮರುಕುಸ್ತಿಯ ಮಾತುಕತೆ ಶುರುವಾಗಬೇಕು, ಜವರಯ್ಯನೇ ಮಧ್ಯಸ್ಥ, ಅದೇ ಕಟ್ಟಳೆ, ಅದೇ ಊಟ ಅಂತ ಇಬ್ಬರೂ ಕತ್ತಿ ಮುಟ್ಟಿ ಆಣೆ ಮಾಡಿದರು. ಆಮೇಲೆ ಮರುಕುಸ್ತಿಗೆ ಮಣ್ಣು ಯಾರದು, ಮೊದಲು ಬರುವವರು ಯಾರು, ಅದರಲ್ಲಿ ಸೋತವರಿಗೆ ಇನ್ನೊಂದು ಮರುಕುಸ್ತಿ ಬೇಡವೇ ಅಂತ ಮಾತು ಬೆಳೆಯಿತು. ಮೊದಲ ಕುಸ್ತಿಯೇ ಆಗಿಲ್ಲ ಅನ್ನುವುದು ಯಾರಿಗೂ ನೆನಪಿರಲಿಲ್ಲ. ಜವರಯ್ಯ ಈಗ ಗುಡಿಸಲಿನ ಬಾಗಿಲಲ್ಲಿ ಅಡ್ಡಡ್ಡ ನಡೆದು ಒಳಗೆ ಹೋಗುತ್ತಿದ್ದ.

ಅತ್ತ ಊರಿನಲ್ಲಿ ಏನಾಯಿತು ಕೇಳಿ. ಊರಿನ ಹಾಲೆಲ್ಲ ಜಟ್ಟಿಗಳ ಹೊಟ್ಟೆಗೆ. ಮೂಡಲದ ಮಕ್ಕಳಿಗೆ ಮಜ್ಜಿಗೆ ಅಂದರೆ ಏನು ಅಂತ ಹೇಳಿ ತಿಳಿಸಬೇಕಾಯಿತು. ಪಡುವಲದ ಬೆಕ್ಕುಗಳು ಮುನಿಸಿಕೊಂಡು ಊರು ಬಿಟ್ಟವು.

ಮೂಡಲಗೇರಿಯ ಕೊನೆಯ ಬೀದಿಯಲ್ಲಿ ಸಾಕವ್ವ ಅಂತ ಒಬ್ಬಳು ಮುದುಕಿ. ಅವಳಿಗೊಂದು ಎಮ್ಮೆ, ಹಣೆಯ ಮೇಲೆ ಬಿಳಿ ಚುಕ್ಕೆ ಇದ್ದುದರಿಂದ ಚುಕ್ಕಿ ಅಂತ ಹೆಸರು. ಸಾಕವ್ವನ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣು ಕೂಸು ಹುಟ್ಟಿತು. ಬಾಣಂತಿಗೆ ಜ್ವರ ಬಂದು ಎದೆಹಾಲು ಬತ್ತಿಹೋಯಿತು. ಕೊಟ್ಟಿಗೆಯಲ್ಲಿ ಎಮ್ಮೆ ಇದೆ, ಕೆಚ್ಚಲು ತುಂಬ ಹಾಲಿದೆ. ಆದರೆ ಬೆಳಗಾದರೆ ರಾಜನ ಆಳು ತಾಮ್ರದ ಕೊಳಗ ಹಿಡಿದು ಬಾಗಿಲಿಗೆ ಬಂದು ಕೊನೆಯ ತೊಟ್ಟಿನವರೆಗೆ ಕರೆದುಕೊಂಡು ಹೋಗುತ್ತಿದ್ದ. ಕೂಸಿಗೆ ರಾಗಿ ಗಂಜಿಯ ತಿಳಿಯೇ ಗತಿ. ಮೊದಮೊದಲು ಅದು ಹಗಲೂ ರಾತ್ರಿ ಅಳುತ್ತಿತ್ತು. ಆಮೇಲೆ ಅಳುವುದನ್ನು ಕಡಿಮೆ ಮಾಡಿತು. ಒಂದು ದಿನ ಅಳಲೇ ಇಲ್ಲ. ಅವತ್ತು ಸಾಕವ್ವನಿಗೆ ನಿಜವಾಗಿ ಹೆದರಿಕೆ ಆಯಿತು.

ಅವಳು ರಾಜನ ಹತ್ತಿರ ಹೋದಳು. "ಬುದ್ಧಿ, ನನ್ನ ಎಮ್ಮೆ ಹಾಲಲ್ಲಿ ಕೂಸಿಗೆ ಕುಡ್ಸೋ ಒಂದು ಪುಟ್ಟ ಒಳಲೆಯಷ್ಟು ನನ್ನ ಮೊಮ್ಮಗೀಗೆ ಬುಡ್ಸಿ. ಜೀವ ಹಿಡ್ಕಂಡೈತೆ ಅಷ್ಟೆ."

ರಾಜನಿಗೂ ಅಯ್ಯೋ ಪಾಪ ಅನ್ನಿಸಿತು. ಆದರೂ ತಲೆ ಆಡಿಸಿದ. "ಒಂದು ಒಳಲೆ ಕಡಿಮೆ ಆದ್ರೆ ನಮ್ಮ ಭೈರ ಒಂದು ಒಳಲೆಯಷ್ಟು ಸೋಲ್ತಾನಲ್ಲವ್ವ. ಇನ್ನೇನು ಮುಗೀತು. ಇನ್ನೊಂದೇ ಮಾತು ಉಳಿದೈತಂತೆ."

ಅವಳು ಭೈರನ ಹತ್ತಿರ ಹೋದಳು. ಬಾಗಿಲು ಸಾಲದೆ ಗರಡಿಯ ಗೋಡೆ ಒಡೆದಿದ್ದರು. ಒಳಗೆ ಭೈರ ಕೂತಿದ್ದ, ಸುತ್ತ ಹಾಲಿನ ಕೊಳಗ, ಪಕ್ಕದಲ್ಲಿ ಕಾವಲಿನ ಆಳು.

"ಸಾಕವ್ವ, ನಂಗೆ ಹಾಲು ಕಂಡ್ರೆ ವಾಕರಿಕೆ ಬತ್ತದೆ" ಅಂದ ಭೈರ. "ಒಲ್ಲೆ ಅಂದ್ರೆ, ಅಲ್ಲಿ ಮಾಳ ಕುಡೀತಾವ್ನೆ ಅಂತಾರೆ. ನಾನು ಅಖಾಡಕ್ಕಿಳಿದು ಎಷ್ಟು ಕಾಲ ಆಯ್ತೋ. ತೊಡೆ ತಟ್ಟಾನ ಅಂದ್ರೆ ತೊಡೆ ಎಲ್ಲೈತೆ ಅಂತ ಹೊಟ್ಟೆ ಮ್ಯಾಲಿಂದ ಕಾಣಾಕಿಲ್ಲ. ತಗೋ, ಈ ಚೆಂಬು ಮಗೀಗೆ ತಕ್ಕಂಡೋಗು."

ಸಾಕವ್ವ ಕೈ ಚಾಚುವಷ್ಟರಲ್ಲಿ ಕಾವಲಿನ ಆಳು ಚೆಂಬು ಕಿತ್ತುಕೊಂಡು ಭೈರನ ಬಾಯಿಗೇ ಸುರಿದ. ಭೈರ ಕಣ್ಣು ಮುಚ್ಚಿ ನುಂಗಿದ. ಅವನಿಗೆ ಅಳು ಬಂತು, ಅವಳಿಗೂ ಬಂತು.

ಅವಳು ಜವರಯ್ಯನ ಹತ್ತಿರ ಹೋದಳು. ಅವನು ಎರಡು ಎಲೆಯ ನಡುವೆ ಕೂತಿದ್ದ.

"ಮುಗೀತು ಕಣವ್ವ, ಇನ್ನೊಂದೇ ಒಂದು ಮಾತು ಉಳಿದೈತೆ" ಅಂದ.

"ಅದ್ಯಾವ ಮಾತು ಜವರಯ್ಯನೋರೆ?"

ಜವರಯ್ಯ ಬೆರಳು ಚೀಪುತ್ತ ಸೂರು ನೋಡಿದ. "ಅದೇ ಯಾವುದು ಅಂತ ಯೋಚ್ನೆ ಮಾಡ್ತಾ ಇವ್ನಿ."

ಸಾಕವ್ವ ಆ ಎಲೆ ನೋಡಿದಳು, ಈ ಎಲೆ ನೋಡಿದಳು, ನಡುವೆ ಇದ್ದ ಹೊಟ್ಟೆ ನೋಡಿದಳು. ಅವಳಿಗೆ ಎಲ್ಲ ಅರ್ಥ ಆಯಿತು. ಮನೆಗೆ ಬಂದು ಕೊಟ್ಟಿಗೆಯಲ್ಲಿ ಕೂತಳು.

ಆ ಕಾಲದ ಎಮ್ಮೆಗಳು ಮಾತಾಡುತ್ತಿದ್ದವು. ಈಗಿನವೂ ಮಾತಾಡಬಲ್ಲವು, ನಮ್ಮ ಹತ್ತಿರ ಮಾತಾಡಿ ಏನು ಬಂತು ಅಂತ ಸುಮ್ಮನಿವೆ. ಚುಕ್ಕಿ ಕೇಳಿತು, "ಕೂಸು ಯಾಕವ್ವ ಅಳ್ತಾ ಇಲ್ಲ?"

"ಅಳಾಕೂ ಶಕ್ತಿ ಬ್ಯಾಡ್ವಾ ಚುಕ್ಕಿ."

ಚುಕ್ಕಿ ಮೆಲುಕು ನಿಲ್ಲಿಸಿತು. "ನಾನೇನು ಮಾಡ್ಲಿ ಹೇಳು."

"ಏನೂ ಮಾಡ್ಬ್ಯಾಡ. ನಾಳೆ ಹೋಗಿ ಹಳ್ಳದ ನಟ್ಟನಡುವೆ ಕೆಸರಲ್ಲಿ ಮಲಿಕ್ಕೊ. ನಾನು ಏಳು ಅನ್ನೋಗಂಟ ಏಳ್ಬ್ಯಾಡ."

"ಇಂಥಾ ಒಳ್ಳೆ ಕೆಲಸ ನಂಗೆ ಇಷ್ಟು ದಿನ ಯಾರೂ ಹೇಳಿರಲಿಲ್ಲ" ಅಂದಿತು ಚುಕ್ಕಿ.

ಮಾರನೇ ದಿನ ಚುಕ್ಕಿ ಹಳ್ಳದ ಕೆಸರಲ್ಲಿ ಮಲಗಿತು. ತಲೆ ಮೂಡಲಕ್ಕೆ, ಬಾಲ ಪಡುವಲಕ್ಕೆ. ಸಾಕವ್ವ ದಡದಲ್ಲಿ ನಿಂತು, ಎಮ್ಮೆ ಹೂತುಹೋಯಿತು ಅಂತ ಬೊಬ್ಬೆ ಹಾಕಿದಳು. ಕೊಳಗದ ಆಳುಗಳು ಓಡಿ ಬಂದು ಎಳೆದರು. ಚುಕ್ಕಿ ಜಗ್ಗಲಿಲ್ಲ. ಚುಕ್ಕಿಯ ಹಾಲು ನಿಂತರೆ ಜಟ್ಟಿಗೆ ಹಾಲು ಕಡಿಮೆ ಬೀಳುತ್ತದೆ ಅಂತ ಮೂಡಲ ರಾಜನಿಗೆ ದಿಗಿಲು. "ಭೈರನ್ನ ಕರೀರಿ" ಅಂದ. ಇಷ್ಟು ದಿನದ ಮೇಲೆ ಒಂದು ಕೆಲಸ ಸಿಕ್ಕಿತಲ್ಲ ಅಂತ ಭೈರ ಒಡೆದ ಗೋಡೆಯಿಂದ ಹೊರಬಿದ್ದು ಓಡಿದ.

ಸುದ್ದಿ ಪಡುವಲ ರಾಜನಿಗೆ ಮುಟ್ಟಿತು. ಭೈರ ಎಮ್ಮೆ ಎತ್ತಿದರೆ ಕುಸ್ತಿ ಇಲ್ಲದೆಯೇ ಅವನು ದೊಡ್ಡವನು ಅಂತಾಗಿಬಿಡುತ್ತದೆ. "ಮಾಳ, ಓಡು" ಅಂದ. ಮಾಳನೂ ಓಡಿದ. ಹಿಂದೆಯೇ ಎರಡೂ ಊರು ಓಡಿತು, ಎರಡೂ ಗರಡಿಯ ಹಿರಿಯರೂ ಕೋಲು ಊರಿಕೊಂಡು ಬಂದರು. ಜಟ್ಟಿಗಳಲ್ಲಿ ಯಾರು ಮೊದಲು ಬಂದರು ಅಂತ ಕೇಳಬೇಡಿ, ಎಲ್ಲರೂ ಎಮ್ಮೆ ನೋಡುತ್ತಿದ್ದರು.

ಭೈರ ಕೊಂಬು ಹಿಡಿದು ಮೂಡಲಕ್ಕೆ ಎಳೆದ. ಮಾಳ ಬಾಲ ಹಿಡಿದು ಪಡುವಲಕ್ಕೆ ಎಳೆದ. "ನಾನೇನು ಹಗ್ಗವಾ?" ಅಂತ ಕೇಳಿತು ಚುಕ್ಕಿ. ಮಲಗಿದಲ್ಲಿಂದ ಕದಲಲಿಲ್ಲ.

ಭೈರ ಆ ಪಕ್ಕೆಯಿಂದ ತಳ್ಳಿದ. ಮಾಳ ಈ ಪಕ್ಕೆಯಿಂದ ತಳ್ಳಿದ. "ಒಂಚೂರು ಕೆಳಗೆ ಉಜ್ಜು, ಅಲ್ಲಿ ನವೆ" ಅಂದಿತು ಚುಕ್ಕಿ. ಕದಲಲಿಲ್ಲ.

ಬಿದ್ದ ಎಮ್ಮೆಯನ್ನು ಎತ್ತುವುದು ಹೇಗೆ ಅಂತ ಎರಡೂ ಊರಿನಲ್ಲಿ ಎಲ್ಲರಿಗೂ ಗೊತ್ತು. ಆದರೆ ಅದಕ್ಕೆ ಇಬ್ಬರು ಒಟ್ಟಿಗೆ ಕೆಲಸ ಮಾಡಬೇಕು, ಒಟ್ಟಿಗೆ ಅನ್ನುವುದೇ ಆ ಎರಡೂ ಊರಿಗೆ ಮರೆತುಹೋಗಿತ್ತು. ಸಾಕವ್ವ ಸೆರಗು ಸಿಕ್ಕಿಸಿ ಕೆಸರಿಗಿಳಿದಳು.

"ಕೇಳ್ರಪ್ಪ, ನೀನು ಆ ಕಡೆಯಿಂದ, ನೀನು ಈ ಕಡೆಯಿಂದ ಎಮ್ಮೆ ಹೊಟ್ಟೆ ಅಡೀಲಿ ಕೈ ತೂರ್ಸಿ. ಒಳಗೆ ಕೈಗೆ ಕೈ ಕೊಟ್ಟು ಬಿಗಿಯಾಗಿ ಹಿಡ್ಕಳಿ. ಹಿಡಿದ್ರಾ?"

"ಹಿಡಿದ್ವಿ ಕಣವ್ವ, ಕೈ ತುಂಬ ಕೆಸರೇ ಬಂತು" ಅಂದ ಮಾಳ.

"ಇರ್ಲಿ ಬುಡು, ಹಂಗೇ ಇರ್ಬೇಕು. ಎತ್ತಿ. ಏಳು ಚುಕ್ಕಿ."

ಇಬ್ಬರೂ ಉಸಿರು ಕಟ್ಟಿ ಎತ್ತಿದರು. ಚುಕ್ಕಿ ಮೈ ಕೊಡವಿ ಎದ್ದು ನಿಂತಿತು. ಇಷ್ಟು ಕಾಲದ ಮೇಲೆ ಜಟ್ಟಿಗಳ ತೋಳು ಒಂದು ಕೆಲಸ ಮಾಡಿದ್ದು ನೋಡಿ ದಡದಲ್ಲಿದ್ದ ಹಿರಿಯರಿಗೆ ಕೈ ತಡೆಯಲಿಲ್ಲ. ಆ ಕಡೆಯವರು ಶಾಬಾಸ್ ಅಂತ ಚಪ್ಪಾಳೆ ತಟ್ಟಿದರು, ಈ ಕಡೆಯವರೂ ತಟ್ಟಿದರು.

"ಜೋಡಿ ಕಟ್ಟಿತು" ಅಂದಳು ಸಾಕವ್ವ.

ಅಷ್ಟರಲ್ಲಿ ಜವರಯ್ಯ ಹೋಳಿಗೆ ಕೈಯಲ್ಲಿ ಹಿಡಿದುಕೊಂಡೇ ಏದುಸಿರು ಬಿಡುತ್ತ ಬಂದ. "ಎಲ್ಲಿ ಜೋಡಿ? ಇದು ಎಮ್ಮೆ ಎತ್ತಿದ್ದು."

ಸಾಕವ್ವ ಹಿರಿಯರ ಕಡೆ ತಿರುಗಿದಳು. "ಜಟ್ಟಿಗಳ ಕೈಯಲ್ಲಿ ಮಣ್ಣಿತ್ತಾ?"

"ಇತ್ತು. ಕೆಸರೂ ಮಣ್ಣೇ ಅಲ್ವಾ. ಅದೂ ಎರಡೂ ದಡದ್ದು ಮಳೇಲಿ ಕಲೆತಿರೋದು."

"ಕೈಗೆ ಕೈ ಕೊಟ್ರಾ?"

"ಕೊಟ್ರು."

"ನೀವು ಚಪ್ಪಾಳೆ ತಟ್ಟಿದ್ರಾ?"

ಹಿರಿಯರು ತಮ್ಮ ಕೈ ತಾವೇ ನೋಡಿಕೊಂಡರು. "ತಟ್ಟಿದ್ವಲ್ಲಪ್ಪ" ಅಂದರು. ಇನ್ನು ರಾಜನೂ ತಡೆಯುವ ಹಾಗಿಲ್ಲ. ಅಲ್ಲೇ ಅಖಾಡ, ಆವತ್ತೇ ಕುಸ್ತಿ.

ಸಾಕವ್ವ ದಡ ಹತ್ತಿ ನಿಂತಳು, ಚುಕ್ಕಿ ಮಾತ್ರ ಕೆಸರಲ್ಲೇ ಉಳಿದುಕೊಂಡಿತು. ಎಂಥಾ ಕುಸ್ತಿ ಅಂತೀರಿ. ತೊಡೆ ಕೈಗೆ ಸಿಗದೆ ಭೈರ ಹೊಟ್ಟೆಯನ್ನೇ ತಟ್ಟಿಕೊಂಡ, ಒಳಗಿದ್ದ ಹಾಲು ಗುಡುಗಿತು. ಮಾಳನೂ ತಟ್ಟಿಕೊಂಡ, ಅವನದೂ ಗುಡುಗಿತು. ಮಳೆ ಬರುತ್ತದೆ ಅಂತ ಯಾರೋ ಒಣಗಹಾಕಿದ್ದ ಹಪ್ಪಳ ಎತ್ತಿಡಲು ಓಡಿದರು. ಇಬ್ಬರೂ ನುಗ್ಗಿದರು. ಹೊಟ್ಟೆಗೆ ಹೊಟ್ಟೆ ತಾಗಿತು, ಕೈಗೆ ಕೈ ಎಟುಕಲಿಲ್ಲ, ಪುಟಿದು ಹಿಂದಕ್ಕೆ ಹೋದರು. ಎರಡನೇ ಸಲ ನುಗ್ಗಿದರು, ಮತ್ತೆ ಪುಟಿದರು. ಮೂರನೇ ಸಲ ನುಗ್ಗಿ, ಜಾರಿ, ಇಬ್ಬರೂ ಒಟ್ಟಿಗೆ ಅಂಗಾತ ಬಿದ್ದರು. ಭೈರನೂ ಚಿತ್, ಮಾಳನೂ ಚಿತ್. ಏಳಲು ನೋಡಿದರು, ಆಗಲಿಲ್ಲ. ಹಾಗೇ ಆಕಾಶ ನೋಡುತ್ತ ಮಲಗಿದರು.

"ಮಾಳಣ್ಣ ಅಂದ್ರೆ ನೀನೇನಾ?" ಅಂದ ಭೈರ.

"ಹೂಂ ಕಣಣ್ಣ. ನಿಂಗೂ ಹಾಲು ಕಂಡ್ರೆ ವಾಕರಿಕೆಯಾ?"

"ಅಯ್ಯೋ, ಅದರ ಸುದ್ದಿ ಎತ್ಬ್ಯಾಡ."

ಇಬ್ಬರಿಗೂ ನಗು ಬಂತು. ಹೊಟ್ಟೆ ಕುಲುಕಿ ಹಳ್ಳದಲ್ಲಿ ಅಲೆ ಎದ್ದಿತು. ನಗುತ್ತಿರುವಾಗಲೇ ಹೊತ್ತು ಮುಳುಗಿತು.

ಹಿರಿಯರು ಅಖಾಡ ನೋಡಿದರು. ಕಾಲ ಮೇಲೆ ನಿಂತಿದ್ದು ಒಬ್ಬಳೇ, ಚುಕ್ಕಿ. ಕಟ್ಟಳೆಯಲ್ಲಿ ಗೆಲ್ಲುವವರಿಗೆ ಎರಡೇ ಕಾಲಿರಬೇಕು ಅಂತ ಎಲ್ಲೂ ಇಲ್ಲ. ಪಡುವಲ ರಾಜ, ಎಮ್ಮೆ ಮೂಡಲದ್ದು ಅಂತ ತಕರಾರು ತೆಗೆಯಲು ನೋಡಿದ. "ಇಲ್ಲ ಬುದ್ಧಿ, ಹುಟ್ಟಿದ್ದು ನಿಮ್ಮೂರಲ್ಲಿ, ಬೆಳೆದದ್ದು ನಮ್ಮೂರಲ್ಲಿ. ನಿಮ್ಮೂರ ನೆಂಟರು ಕೊಟ್ಟ ಕರು ಇದು" ಅಂದಳು ಸಾಕವ್ವ. ಇಬ್ಬರು ರಾಜರಿಗೂ ಖುಷಿಯಾಯಿತು. ಬೆಳ್ಳಿ ಗದೆ ಚುಕ್ಕಿಯ ಕೊರಳಿಗೆ ಬಿತ್ತು. ಎರಡೂ ಊರಿಗೂ ಅವಳೊಬ್ಬಳೇ ಜಟ್ಟಿ ಅಂತ ಡಂಗುರ ಹೊಡೆಸಿದರು.

ಜವರಯ್ಯನಿಗೂ ಖುಷಿ. ಮುಂದೆ ಬಂದು ಕೈ ಮುಗಿದ. "ಬುದ್ಧಿ, ಆಣೆ ಮರೀಬ್ಯಾಡಿ. ಈ ಸಂಜೆಯಿಂದಲೇ ಮರುಕುಸ್ತಿ ಮಾತುಕತೆ. ನಾನೇ ಮಧ್ಯಸ್ಥ, ಅದೇ ಕಟ್ಟಳೆ, ಅದೇ ಊಟ. ಎಲೆ ಹಾಕ್ಸಿ."

"ಹಾಕ್ಸಿ ಬುದ್ಧಿ" ಅಂದಳು ಸಾಕವ್ವ. "ಕಟ್ಟಳೆ ಅಂದ್ರೆ ಕಟ್ಟಳೆ."

ಮಾತುಕತೆ ಶುರುವಾಯಿತು ಅಂದಮೇಲೆ ಊರಿನ ಹಾಲೆಲ್ಲ ಊರಿನ ಜಟ್ಟಿಗೆ. ಎರಡೂ ಊರಿನ ಕೊಳಗ ತಂದು ಚುಕ್ಕಿಯ ಮುಂದೆ ಸಾಲಾಗಿ ಇಟ್ಟರು. ಚುಕ್ಕಿ ಮೂಸಿ ನೋಡಿತು. "ನಂಗ್ಯಾಕೆ ಹಾಲು? ನನ್ನತ್ರಾನೇ ಐತೆ. ಮಕ್ಕಳಿರೋ ಮನೆಗೆ ಕೊಡ್ರಿ" ಅಂದಿತು. ಜಟ್ಟಿಯ ಮಾತು, ಮೀರುವ ಹಾಗಿಲ್ಲ. ಕೊಳಗಗಳು ಬೀದಿ ಬೀದಿಗೆ ಹೊರಟವು.

ಆಮೇಲೆ ಮಧ್ಯಸ್ಥನ ಊಟ. ಜವರಯ್ಯ ತೋಳೇರಿಸಿ ಎರಡು ಎಲೆಯ ನಡುವೆ ಕೂತ. ಮೂಡಲ ಅಡುಗೆಯವರು ಬಂದು ಒಂದು ಎಲೆಗೆ ಒಣಹುಲ್ಲು ಬಡಿಸಿದರು. ಪಡುವಲ ಅಡುಗೆಯವರು ಬಂದು ಇನ್ನೊಂದು ಎಲೆಗೆ ಬೂಸ, ಹಿಂಡಿ ಬಡಿಸಿ, ಪಕ್ಕದಲ್ಲಿ ಕುಡಿಯುವುದಕ್ಕೆ ಕಲಗಚ್ಚು ಇಟ್ಟರು.

"ಇದೇನಿದು?" ಅಂದ ಜವರಯ್ಯ.

"ಜಟ್ಟಿ ಏನು ತಿಂತಾರೋ ಮಧ್ಯಸ್ಥನಿಗೂ ಅದೇ" ಅಂದರು ಹಿರಿಯರು. "ಎರಡೂ ಊರಿಗೆ ಈಗ ಜಟ್ಟಿ ಒಬ್ಬಳೇ. ತಿನ್ನಿ, ಸಂಕೋಚ ಮಾಡ್ಕಬ್ಯಾಡಿ."

ಎರಡೂ ಊರು ಸುತ್ತ ನಿಂತು ನೋಡುತ್ತಿತ್ತು. ಜವರಯ್ಯ ಒಂದು ಎಳೆ ಹುಲ್ಲು ಬಾಯಿಗಿಟ್ಟ. ಅಗಿದ. ಇನ್ನೂ ಅಗಿದ. ಅದು ಒಳಗೆ ಇಳಿಯುವ ಲಕ್ಷಣ ಕಾಣಲಿಲ್ಲ. "ಮುಗೀತು" ಅಂದ. "ಮಾತುಕತೆ ಮುಗೀತು. ಮಣ್ಣು ಯಾರದಾದ್ರೂ ಸರಿ, ಯಾರು ಮೊದಲು ಬಂದ್ರೂ ಸರಿ. ಎಲ್ಲಾ ಒಪ್ಪಿಗೆ."

ಚುಕ್ಕಿ ಕೊರಳ ಗದೆ ಅಲುಗಿಸುತ್ತ ಅವನ ಪಕ್ಕ ಬಂದು ಮಲಗಿತು. "ಎಲ್ಲಿ ಮುಗೀತು ಜವರಯ್ಯನೋರೆ? ಇನ್ನೊಂದೇ ಒಂದು ಮಾತು ಉಳಿದೈತೆ."

"ಯಾವ ಮಾತು ತಾಯಿ?"

ಚುಕ್ಕಿ ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕಿತು. "ಅದೇ ಯಾವುದು ಅಂತ ಯೋಚ್ನೆ ಮಾಡ್ತಾ ಇವ್ನಿ."

ಮಾರನೇ ದಿನವೂ ಹುಲ್ಲು ಬಂತು. ಅದರ ಮಾರನೇ ದಿನ ಹುಲ್ಲಿನ ಜೊತೆ ಹತ್ತಿಬೀಜವೂ ಬಂತು. ಚುಕ್ಕಿಗೆ ಯೋಚನೆ ಮುಗಿಯಲಿಲ್ಲ. ಅದಾದ ಮೇಲೆ ಒಂದು ಬೆಳಗ್ಗೆ ನೋಡಿದರೆ ಗುಡಿಸಲು ಖಾಲಿ, ಜವರಯ್ಯ ಊರು ಬಿಟ್ಟು ಓಡಿಹೋಗಿದ್ದ. ಹೋಗುವಾಗ ಬಾಗಿಲಲ್ಲಿ ನೇರವಾಗಿಯೇ ನಡೆದು ಹೋಗಿರಬೇಕು, ಅಷ್ಟು ಬಡಕಲಾಗಿದ್ದ. ಮಧ್ಯಸ್ಥನಿಲ್ಲದ ಮೇಲೆ ಭೈರ, ಮಾಳ ಇಬ್ಬರೂ ತಾವೇ ಮಾತಾಡಿಕೊಂಡು ಒಂದೇ ಗರಡಿಯಲ್ಲಿ ಸಾಮು ಶುರುಮಾಡಿದರು. ರಾಗಿ ಮುದ್ದೆ ತಿಂದರು. ಕೆಲವು ತಿಂಗಳಿಗೆ ಇಬ್ಬರಿಗೂ ತಮ್ಮ ತಮ್ಮ ತೊಡೆ ಕಾಣಿಸಿತು.

ಅದೆಲ್ಲ ಆಮೇಲಿನ ಮಾತು. ಕುಸ್ತಿ ನಡೆದ ಆ ಸಂಜೆ ಸಾಕವ್ವ ಏನು ಮಾಡಿದಳು ಅಂತ ಹೇಳಲಿಲ್ಲ ನಾನು. ಜವರಯ್ಯ ಹುಲ್ಲು ಅಗಿಯುವುದನ್ನು ನೋಡಲು ಎರಡೂ ಊರು ನಿಂತಿದ್ದಾಗ ಅವಳು ಚುಕ್ಕಿಯ ಕೆಚ್ಚಲು ತೊಳೆದು, ಒಂದು ಚೊಂಬು ಹಾಲು ಕರೆದುಕೊಂಡು, ಯಾರಿಗೂ ಹೇಳದೆ ಮನೆಗೆ ನಡೆದಳು. ಹಾಲು ಕಾಯಿಸಿ, ನೀರು ಬೆರೆಸಿ, ಆರಿಸಿ, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಒಂದು ಒಳಲೆ ಬಾಯಿಗಿಟ್ಟಳು. ಕೂಸು ಮೊದಲು ಸುಮ್ಮನಿತ್ತು. ಆಮೇಲೆ ಚಪ್ಪರಿಸಿತು. ಎರಡನೇ ಒಳಲೆಗೆ ತಾನೇ ಬಾಯಿ ತೆರೆಯಿತು. ಮೂರನೇ ಒಳಲೆ ಕುಡಿಯುವ ಆತುರದಲ್ಲಿ ಹಾಲು ಮೂಗಿಗೆ ಹತ್ತಿ, ಮನೆ ನಡುಗುವ ಹಾಗೆ ಸೀನಿತು.

ಹಳ್ಳದ ಆಚೆಯಿಂದ, ಅಡುಗೆಮನೆಯ ಕಿಟಕಿಯಿಂದ ಪಡುವಲ ರಾಣಿ ಅಂದಳು, "ನೂರು ವರ್ಷ."

ಸಾಕವ್ವ ಆಗ ಅತ್ತಳು.

ನೀತಿ ಏನು ಅಂತ ಕೇಳುತ್ತೀರಿ, ಗೊತ್ತು. ನೇರವಾಗಿಯೇ ಹೇಳುತ್ತೇನೆ. ಜಗಳ ಮುಗಿಯದೆ ಇದ್ದರೆ ಯಾರ ಹೊಟ್ಟೆ ತುಂಬುತ್ತದೋ, ಅವರ ಕೈಗೆ ಜಗಳ ಬಿಡಿಸುವ ಕೆಲಸ ಕೊಡಬೇಡಿ. ಇನ್ನೊಂದೇ ಮಾತು ಉಳಿದಿದೆ ಅಂತ ಯಾರಾದರೂ ಹೇಳುತ್ತಲೇ ಇದ್ದರೆ, ಅವರ ಬಾಯಿ ನೋಡಬೇಡಿ, ಅವರ ಮುಂದಿನ ಎಲೆ ನೋಡಿ.

ಹೂಂಗುಟ್ಟಿದವರಿಗೆ ಪುಣ್ಯ ಬರಲಿ, ತೂಕಡಿಸಿದವರಿಗೆ ಒಳ್ಳೆಯ ನಿದ್ದೆ ಬರಲಿ. ನನಗೊಂದು ಲೋಟ ಮಜ್ಜಿಗೆ ಬರಲಿ.